ಜೀಪಿಗೆ ಟೈರು ಹುಡುಕಿದ ಎರಡು ಮಳೆಗಾಲ

ನಮ್ಮ ತೋಟ ಮೂಡಿಗೆರೆ ತಾಲ್ಲೂಕಿನಲ್ಲಿದೆ. ಮನೆಯ ಅಂಗಳದಿಂದ ಮೇಲಿನ ಕಾಫಿ ಪಟ್ಟಿಗೆ ಒಂದೂಕಾಲು ಕಿಲೋಮೀಟರ್ ದಾರಿ. ಅದರಲ್ಲಿ ಹಳ್ಳ ದಾಟಿದ ಮೇಲಿನ ಮುನ್ನೂರು ಮೀಟರ್ ಏರು ಮಾತ್ರ ಕಷ್ಟದ್ದು. ಬೇಸಿಗೆಯಲ್ಲಿ ಆ ಏರನ್ನು ಯಾವ ಗಾಡಿ ಬೇಕಾದರೂ ಹತ್ತುತ್ತದೆ. ಜೂನ್ ಎರಡನೆಯ ವಾರದಿಂದ ಮಾತ್ರ ಅಲ್ಲಿ ನಮ್ಮ ಜೀಪು ಬಿಟ್ಟರೆ ಬೇರೆ ಗತಿಯಿಲ್ಲ. ಆ ಜೀಪಿಗೂ ಸರಿಯಾದ ಟೈರು ಸಿಗುವ ಹೊತ್ತಿಗೆ ನನಗೆ ಎರಡು ಮಳೆಗಾಲ ಕಳೆದವು.

ಜೀಪು ಅಪ್ಪಯ್ಯನ ಕಾಲದ್ದು, 1976ರ ಮಹೀಂದ್ರ ಸಿಜೆ 3ಬಿ. ವಿಲ್ಲಿಸ್ ಕಂಪನಿ 1953ರಲ್ಲಿ ಅಮೆರಿಕದಲ್ಲಿ ಹೊರತಂದ ಮಾದರಿ ಇದು. ಹರಿಕೇನ್ ಎಂಜಿನ್ ಎತ್ತರವಾಗಿದ್ದರಿಂದ ಅದನ್ನು ಕೂರಿಸಲು ಬಾನೆಟ್ಟನ್ನೇ ಎತ್ತರ ಮಾಡಿದರು. ಅಲ್ಲಿ 1968ಕ್ಕೆ ಅದು ನಿಂತುಹೋದರೂ ನಮ್ಮ ದೇಶದಲ್ಲಿ ಇನ್ನೂ ಬಹಳ ವರ್ಷ ತಯಾರಾಗುತ್ತಲೇ ಇತ್ತು. ಮಲೆನಾಡಿನ ತೋಟಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆಯ ಜೀಪುಗಳಲ್ಲಿ ಇವೂ ಇವೆ. ಗಾಡಿಯ ತೂಕ ಸುಮಾರು ಒಂದು ಟನ್. ಕಂಪನಿಯಿಂದ ಬಂದಾಗ ಹಾಕಿದ್ದು 6.00-16 ಟೈರು, ಅಂದರೆ ಆರು ಇಂಚು ಅಗಲ, ಹದಿನಾರು ಇಂಚಿನ ರಿಮ್. ಸೈಕಲ್ ಚಕ್ರದಂತೆ ಸಪೂರವಾಗಿ ಕಾಣುವ ಟೈರು ಅದು.

ಹಳೆಯ ಟೈರುಗಳ ಬಟನ್, ಅಂದರೆ ನೆಲ ಹಿಡಿಯುವ ಉಬ್ಬು ಗಟ್ಟಿಗಳು, ಸವೆದು ಹೋದಾಗ ಆ ಸಪೂರ ನೋಟವೇ ನನ್ನನ್ನು ದಾರಿ ತಪ್ಪಿಸಿತು. ಅಗಲವಾದ ಟೈರು ಹಾಕಿದರೆ ನೆಲದ ಮೇಲೆ ಹಿಡಿತ ಹೆಚ್ಚು ಎಂದು ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದೆ. ಹದಿನೈದು ಇಂಚಿನ ರಿಮ್ ಸಮೇತ 31×10.5 ಅಳತೆಯ ರೇಡಿಯಲ್ ಟೈರುಗಳನ್ನು ಹಾಕಿಸಿದೆ. ಅಗಲ ಹತ್ತೂವರೆ ಇಂಚು. ಬಟನ್ ಸಣ್ಣ ಸಣ್ಣದು, ಒಂದಕ್ಕೊಂದು ಹತ್ತಿರ. ಜೀಪು ಎರಡು ಇಂಚು ಮೇಲೆದ್ದು ನಿಂತಿತು. ಡಾಂಬರು ರಸ್ತೆಯಲ್ಲಿ ಓಡಾಟವೂ ಹಾಯಾಗಿತ್ತು.

ಆಗಸ್ಟಿನಲ್ಲಿ ಮಳೆ ಬಿಡುವು ಕೊಟ್ಟಾಗ ಕಾಫಿ ಗಿಡಗಳಿಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಸಲು ಇನ್ನೂರು ಲೀಟರಿನ ಎರಡು ಬ್ಯಾರಲ್ ತುಂಬಿಸಿಕೊಂಡು ಏರಿಗೆ ಹೋದೆವು. ಅರ್ಧ ಏರಿದ ಮೇಲೆ ನಾಲ್ಕೂ ಚಕ್ರ ತಿರುಗುತ್ತಿವೆ, ಜೀಪು ಮಾತ್ರ ಇದ್ದಲ್ಲೇ ಇದೆ. ಬ್ಯಾರಲಿನ ನೀರು ಒಂದು ಕಡೆಗೆ ವಾಲಿದ್ದೇ ತಡ, ಹಿಂಭಾಗ ಮೆಲ್ಲಗೆ ಹಳ್ಳದ ಕಡೆಗೆ ಜಾರತೊಡಗಿತು. ಒಂದು ಸಿಲ್ವರ್ ಮರ ಅಡ್ಡ ಸಿಕ್ಕಿದ್ದರಿಂದ ಗಾಡಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಇಳಿದು ಟೈರು ನೋಡಿದರೆ ಬಟನ್ ಎಂಬುದೇ ಕಾಣುತ್ತಿರಲಿಲ್ಲ. ಸಂದುಗಳಲ್ಲೆಲ್ಲ ಕೆಮ್ಮಣ್ಣು ಗಾರೆ ಮೆತ್ತಿದಂತೆ ತುಂಬಿ, ನಾಲ್ಕೂ ಟೈರು ನುಣ್ಣಗೆ ಹೊಳೆಯುತ್ತಿದ್ದವು. ಬೆರಳಿನಿಂದ ಕೆದಕಿದರೆ ಮಣ್ಣು ಬರಲಿಲ್ಲ, ಕತ್ತಿಯ ತುದಿ ಹಾಕಿ ಎಬ್ಬಿಸಬೇಕಾಯಿತು.

ಮರುದಿನ ಜೀಪನ್ನು ಎಳೆಸಲು ಬಂದ ಹಳೆಯ ಮೆಕ್ಯಾನಿಕ್ ಟೈರನ್ನು ನೋಡುವ ಮೊದಲು ಹಾರೆ ಕೇಳಿದರು. ಏರಿನ ನಡುವೆ ನಿಂತು ಹಾರೆಯನ್ನು ನೆಲಕ್ಕೆ ಒತ್ತಿದರು. ಅದು ನಾಲ್ಕು ಬೆರಳಿನಷ್ಟು ಬೆಣ್ಣೆಯಲ್ಲಿ ಇಳಿದಂತೆ ಇಳಿದು, ಆಮೇಲೆ ಠಣ್ ಎಂದಿತು. "ಕೇಳಿಸಿತೇ ಗೌಡರೇ? ಕೆಳಗೆ ಗಟ್ಟಿ ಜಂಬಿಟ್ಟಿಗೆ ಕಲ್ಲು ಇದೆ. ನಿಮ್ಮ ಟೈರು ಅಲ್ಲಿಗೆ ತಲುಪುತ್ತಲೇ ಇಲ್ಲ, ಮೇಲಿನ ಕೆಸರಿನಲ್ಲೇ ತೇಲುತ್ತಿದೆ" ಎಂದರು.

ನಾನು ಅದುವರೆಗೆ ಯೋಚಿಸದೇ ಇದ್ದದ್ದು ಅದೇ. ಅಗಲ ಟೈರು ಗಾಡಿಯ ಭಾರವನ್ನು ಹರಡುತ್ತದೆ. ಮರಳಿಗೆ ಅದು ಸರಿ. ಹಾರೆ ಹಾಕಿದಷ್ಟೂ ಇಳಿಯುತ್ತಲೇ ಹೋಗುವ ಎರೆಮಣ್ಣಿನ ಸೀಮೆಯಲ್ಲಿ ಹೂತುಹೋಗದೆ ಮೇಲೆ ತೇಲುವುದೇ ಲಾಭ. ನಮ್ಮಲ್ಲಿ ಹಾಗಲ್ಲ. ಮೇಲೆ ನಾಲ್ಕು ಬೆರಳು ಜಾರು ಮಣ್ಣು, ಅಡಿಯಲ್ಲಿ ಗಟ್ಟಿ ನೆಲ. ಸಪೂರ ಟೈರು ಅದೇ ಭಾರವನ್ನು ಕಡಿಮೆ ಜಾಗದಲ್ಲಿ ಒತ್ತುವುದರಿಂದ ಕೆಸರನ್ನು ಸೀಳಿ ಕೆಳಗಿನ ಗಟ್ಟಿಯನ್ನು ಕಚ್ಚುತ್ತದೆ. ನಿಮ್ಮ ದಾರಿಯ ಮಣ್ಣಿಗೂ ಹಾರೆ ಹಾಕಿ ನೋಡಿ, ಆಮೇಲೆ ಅಂಗಡಿಗೆ ಹೋಗಿ ಎಂದು ನಾನು ಈಗ ಕೇಳಿದವರಿಗೆಲ್ಲ ಹೇಳುತ್ತೇನೆ.

ಅಗಲ ಟೈರಿನಿಂದ ಬೇರೆ ಕಾಟಗಳೂ ಇದ್ದವು. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮುಂದಿನ ಚಕ್ರ ಸ್ಪ್ರಿಂಗ್ ಪ್ಲೇಟಿಗೆ ಉಜ್ಜುತ್ತಿತ್ತು. ತೋಟದ ತಿರುವುಗಳಲ್ಲಿ ಹಿಂದೆ ಮುಂದೆ ಮಾಡಿಯೇ ತಿರುಗಿಸಬೇಕಿತ್ತು. ಕೆಸರಿನಲ್ಲಿ ಹಿಡಿತಕ್ಕೆಂದು ಹಿಂದಿನ ಚಕ್ರಕ್ಕೆ ಸುತ್ತುವ ಚೈನು ಕಟ್ಟಲು ಒಳಗಡೆ ಬೆರಳು ತೂರುವಷ್ಟೂ ಜಾಗವಿರಲಿಲ್ಲ. ಚೈನಿಲ್ಲದ ಜೀಪಿನಿಂದ ನಮ್ಮ ಮಳೆಗಾಲದಲ್ಲಿ ಏನೂ ಉಪಯೋಗವಿಲ್ಲ.

ಹಾಗಾಗಿ ಮತ್ತೆ 6.00-16 ಹುಡುಕಲು ಹೊರಟೆ. ಮೊದಲ ಅಂಗಡಿಯಲ್ಲೇ "ಬೇಕಾದಷ್ಟಿದೆ" ಎಂದು ತೆಗೆದು ತೋರಿಸಿದರು. ಅಳತೆ ಅದೇ, ಬೆಲೆಯೂ ಕಡಿಮೆ. ಆದರೆ ಅದು ಟ್ರ್ಯಾಕ್ಟರಿನ ಮುಂದಿನ ಟೈರು. ನಮ್ಮ ದೇಶದ ಅನೇಕ ಟ್ರ್ಯಾಕ್ಟರುಗಳ ಮುಂದಿನ ಚಕ್ರದ ಅಳತೆಯೂ ಇದೇ ಆದ್ದರಿಂದ ಈ ಗೊಂದಲ. ಅದರ ಮೈಮೇಲೆ ಸುತ್ತಲೂ ಉದ್ದಕ್ಕೆ ಮೂರು ಏಣುಗಳಿರುತ್ತವೆ, ಅಡ್ಡ ಬಟನ್ ಇರುವುದಿಲ್ಲ. ಟ್ರ್ಯಾಕ್ಟರನ್ನು ದಾರಿಗೆ ತಿರುಗಿಸುವುದಷ್ಟೇ ಅದರ ಕೆಲಸ, ಎಳೆಯುವುದಲ್ಲ. ವೇಗದ ಗುರುತು ಎ6 ಎಂದಿದ್ದರೆ ಗಂಟೆಗೆ 30 ಕಿಲೋಮೀಟರ್, ಎ8 ಎಂದಿದ್ದರೆ 40, ಅಷ್ಟೇ ಅದರ ಮಿತಿ. ಜೀಪಿಗೆ ಇದನ್ನು ಹಾಕಿಸಿಕೊಂಡು ಘಾಟಿ ಇಳಿಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಎರಡನೆಯ ಅಂಗಡಿಯಲ್ಲಿ ಸಿಕ್ಕಿದ್ದು ಜೀಪಿನದೇ ಟೈರು, ಹೊಸದರಂತೆ ಕಪ್ಪಗೆ ಮಿನುಗುತ್ತಿತ್ತು. ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿಗಳನ್ನು ಓದಿದೆ. ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ಅದು ಒಂಬತ್ತು ವರ್ಷ ಹಳೆಯ ಮಾಲು. ಹೆಬ್ಬೆರಳಿನಿಂದ ಬಟನ್ನುಗಳ ಬುಡವನ್ನು ಬಾಗಿಸಿದಾಗ ಕೂದಲಿನಷ್ಟು ತೆಳ್ಳಗಿನ ಬಿರುಕುಗಳು ಬಾಯಿ ಬಿಟ್ಟವು. ಹಳೆಯ ಅಳತೆಯ ಟೈರು ಗೋದಾಮಿನಲ್ಲಿ ಬಹಳ ಕಾಲ ಕೂರುತ್ತದೆ, ಹಾಗಾಗಿ ಈ ಅಂಕಿಗಳನ್ನು ಓದದೆ ದುಡ್ಡು ಕೊಡಬಾರದು.

ಕೊನೆಗೆ ಹಾಸನದಲ್ಲಿ ಸಿಕ್ಕಿತು. ಆರು ಪ್ಲೈ ನೈಲಾನ್, ಅಂದರೆ ಆರು ಪದರದ ಬಲವುಳ್ಳ ನೈಲಾನ್ ನೂಲಿನ ಟೈರು, ಟ್ಯೂಬಿನದು. ತೋಟಕ್ಕೆ ನನಗೆ ನೈಲಾನೇ ಇಷ್ಟ. ಅದರ ಪಕ್ಕದ ಗೋಡೆ ದಪ್ಪ, ಕತ್ತರಿಸಿದ ಕಾಫಿ ಬೊಡ್ಡೆಯ ಚೂಪು ತಗಲಿದರೂ ಸುಲಭಕ್ಕೆ ಸೀಳುವುದಿಲ್ಲ. ಬಟನ್ ಯಾವುದು ಎಂಬ ವಿಷಯದಲ್ಲಿ ಬಹಳ ತಲೆ ಕೆಡಿಸಿಕೊಂಡೆ. ಮಿಲಿಟರಿ ಜೀಪಿನಲ್ಲಿ ಕಾಣುವ ದಪ್ಪ ಅಡ್ಡಪಟ್ಟಿಯ ಟೈರು ಮುಂದಕ್ಕೂ ಹಿಂದಕ್ಕೂ ಒಂದೇ ಸಮ ಎಳೆಯುತ್ತದೆ, ಮಣ್ಣನ್ನೂ ಬೇಗ ಉದುರಿಸುತ್ತದೆ. ಆದರೆ ಓರೆಯಾದ ದಾರಿಯಲ್ಲಿ ಅದು ಪಕ್ಕಕ್ಕೆ ಜಾರುತ್ತದೆ, ಒದ್ದೆ ಡಾಂಬರಿನ ಮೇಲೆ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. ನಾವು ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಹೋಗುವುದೂ ಇದೇ ಜೀಪಿನಲ್ಲಿ, ಇದರ ಬ್ರೇಕ್ ಡ್ರಮ್ಮು ಒಂಬತ್ತೇ ಇಂಚಿನದು. ಆದ್ದರಿಂದ ನಡುವೆ ಅಂಕುಡೊಂಕಾದ ಪಟ್ಟಿ, ಎರಡೂ ಅಂಚಿಗೆ ದೊಡ್ಡ ಬಟನ್ ಇರುವುದನ್ನು ಆರಿಸಿದೆ. ಅಂಚಿನ ಬಟನ್ನುಗಳ ನಡುವಿನ ಸಂದಿನಲ್ಲಿ ನನ್ನ ಹೆಬ್ಬೆರಳು ಅಡ್ಡಲಾಗಿ ಸಲೀಸಾಗಿ ಕೂರುತ್ತದೆಯೇ ಎಂದು ನೋಡಿದೆ. ಅಷ್ಟು ಜಾಗವಿದ್ದರೆ ನಮ್ಮ ಕೆಮ್ಮಣ್ಣು ಒಂದೆರಡು ಸುತ್ತಿಗೆ ಕಳಚಿ ಬೀಳುತ್ತದೆ.

ಇಷ್ಟೆಲ್ಲ ಮಾಡಿಯೂ ದುಡ್ಡು ಉಳಿಸಲು ಹೋಗಿ ಎರಡೇ ಟೈರು ತಂದೆ. ಹೊಸದು ಹಿಂದಕ್ಕೆ, ಕೊಟ್ಟಿಗೆಯಲ್ಲಿದ್ದ ಹಳೆಯ ಎರಡು ಮುಂದಕ್ಕೆ. ಒಂದು ಸಂಜೆ ತೋಟದಿಂದ ಇಳಿದವರು ಫೋರ್‌ವೀಲ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಎಳೆತ ಕೊಡುವ ಗೇರು, ಬಿಡಿಸುವುದನ್ನು ಮರೆತು ಗೇಟಿನವರೆಗೆ ಡಾಂಬರಿನಲ್ಲೇ ಬಂದೆವು. ಆಮೇಲೆ ಲಿವರ್ ಎಳೆದರೆ ಕಲ್ಲಿನಂತೆ ನಿಂತಿದೆ. ಇಬ್ಬರು ಎಳೆದರೂ ಬರಲಿಲ್ಲ. ಹತ್ತಡಿ ರಿವರ್ಸ್ ಹೋದ ಮೇಲೆ ಟಕ್ ಎಂದು ಬಿಟ್ಟುಕೊಂಡಿತು. ಮರುದಿನ ಬೆಳಿಗ್ಗೆ ಕಾಫಿ ಒಣಗಿಸುವ ಸಿಮೆಂಟ್ ಕಣದಲ್ಲಿ ಜೀಪು ನಿಲ್ಲಿಸಿ, ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗೆರೆ ಎಳೆದು, ಸರಿಯಾಗಿ ಒಂದು ಸುತ್ತು ತಳ್ಳಿ ಅಳೆದೆ. ಹಿಂದಿನದು 2 ಮೀಟರ್ 21 ಸೆಂಟಿಮೀಟರ್, ಮುಂದಿನದು 2 ಮೀಟರ್ 16. ಒಂದು ಸುತ್ತಿಗೆ ಐದು ಸೆಂಟಿಮೀಟರ್ ವ್ಯತ್ಯಾಸ. ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಮುಂದಿನ ಚಕ್ರ ಹತ್ತು ಸುತ್ತು ಹೆಚ್ಚು ತಿರುಗಬೇಕು. ಫೋರ್‌ವೀಲ್ ಹಾಕಿದಾಗ ಈ ಜೀಪಿನಲ್ಲಿ ಹಿಂದಿನ ಮತ್ತು ಮುಂದಿನ ಶಾಫ್ಟುಗಳು ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತವೆ, ನಡುವೆ ವ್ಯತ್ಯಾಸ ನುಂಗುವ ಡಿಫರೆನ್ಷಿಯಲ್ ಇಲ್ಲ. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ಗಟ್ಟಿ ನೆಲದಲ್ಲಿ ಆ ಹತ್ತು ಸುತ್ತಿನ ಜಗ್ಗಾಟವೆಲ್ಲ ಗೇರು, ಶಾಫ್ಟುಗಳ ಮೇಲೆಯೇ ಬೀಳುತ್ತದೆ. ಅದೇ ವಾರ ಮತ್ತೆ ಹಾಸನಕ್ಕೆ ಹೋಗಿ ಇನ್ನೂ ಮೂರು ತಂದೆ, ಸ್ಟೆಪ್ನಿಯೂ ಸೇರಿ ಐದೂ ಒಂದೇ ಜಾತಿ. ಸ್ಟೆಪ್ನಿಯನ್ನೂ ಸರದಿಯಲ್ಲಿ ಹಾಕುತ್ತೇನೆ, ಐದೂ ಒಂದೇ ಸಮ ಸವೆಯಲಿ ಎಂದು.

ಗಾಳಿಯ ವಿಷಯವೊಂದು ಉಳಿಯಿತು. ರಸ್ತೆಗೆ 28 ಪೌಂಡ್ ಇಡುತ್ತೇನೆ. ಏರಿನ ಬುಡದಲ್ಲಿ 20ಕ್ಕೆ ಇಳಿಸುತ್ತೇನೆ, ಟೈರು ಸ್ವಲ್ಪ ಚಪ್ಪಟೆಯಾಗಿ ಉದ್ದಕ್ಕೆ ಹೆಚ್ಚು ನೆಲ ಹಿಡಿಯುತ್ತದೆ. 18ಕ್ಕಿಂತ ಕೆಳಗೆ ನಾನು ಹೋಗುವುದಿಲ್ಲ. ಟ್ಯೂಬಿನ ಟೈರಿನಲ್ಲಿ ಗಾಳಿ ತೀರಾ ಕಡಿಮೆಯಾದರೆ ಎಳೆತಕ್ಕೆ ಟೈರು ರಿಮ್ಮಿನ ಮೇಲೆ ಜಾರುತ್ತದೆ, ಟ್ಯೂಬು ಅದರೊಂದಿಗೆ ಸರಿದು ವಾಲ್ವಿನ ಬುಡದಲ್ಲೇ ಹರಿಯುತ್ತದೆ. ಇಳಿದು ಬಂದ ಮೇಲೆ ಡಾಂಬರಿಗೆ ಹತ್ತುವ ಮೊದಲು ಪಂಪಿನಿಂದ ಮತ್ತೆ ತುಂಬಿಸುತ್ತೇವೆ.

ಹೋದ ಆಗಸ್ಟಿನಲ್ಲಿ ಅದೇ ಎರಡು ಬ್ಯಾರಲ್ ಹೇರಿಕೊಂಡು, ಹಿಂದಿನ ಚಕ್ರಗಳಿಗೆ ಚೈನು ಕಟ್ಟಿ, ಲೋ ಗೇರಿನಲ್ಲಿ ಹೊರಟೆವು. ಸಿಲ್ವರ್ ಮರದ ಹತ್ತಿರ ಜೀಪು ಒಂದು ಕ್ಷಣ ತಡವರಿಸಿತು. ಟೈರು ಕೆಸರಿನಲ್ಲಿ ನಾಲ್ಕು ಬೆರಳು ಇಳಿದು ಕೆಳಗಿನ ಕಲ್ಲಿಗೆ ತಾಗಿದ್ದು ಸ್ಟೀರಿಂಗ್ ಹಿಡಿದ ಕೈಗೆ ತಿಳಿಯಿತು. ಆಮೇಲೆ ನಿಲ್ಲದೆ ಹತ್ತಿತು. ಮೇಲೆ ಗಾಡಿ ನಿಲ್ಲಿಸಿ ಲಿವರ್ ಹಿಂದಕ್ಕೆ ಎಳೆದೆ. ಎರಡು ಬೆರಳಿಗೆ ಬಂತು.