ಸಂಘದ ಕಟ್ಟಡಕ್ಕೆ ಆಸ್ತಿ ತೆರಿಗೆ ವಿನಾಯಿತಿ: ಮುಂಬೈಯಲ್ಲಿ ಅರ್ಜಿ ಹಾಕುವುದು ಹೇಗೆ?

ಮುಂಬೈಯ ಎಷ್ಟೋ ಕನ್ನಡ ಸಂಘಗಳಿಗೆ ಸ್ವಂತ ಕಟ್ಟಡವಿದೆ. ಮಹಡಿಯಲ್ಲಿ ವಾಚನಾಲಯ, ಉಚಿತ ಕನ್ನಡ ತರಗತಿ. ಕೆಳಗೆ ಮದುವೆ, ಮುಂಜಿಗೆ ಬಾಡಿಗೆ ಕೊಡುವ ಸಭಾಗೃಹ. ‘ನಮಗೆ 80ಜಿ ಇದೆ, ಆಸ್ತಿ ತೆರಿಗೆ ಮಾಫಿ’ ಎಂದು ಪದಾಧಿಕಾರಿಗಳು ನಂಬಿ ಕೂತಿರುತ್ತಾರೆ. 80ಜಿ ದೇಣಿಗೆ ಕೊಟ್ಟವರ ಆದಾಯ ತೆರಿಗೆ ರಿಯಾಯಿತಿಗೆ ಸೇರಿದ್ದು. ಮಹಾನಗರ ಪಾಲಿಕೆ ನೋಡುವುದು 1888ರ ಮುಂಬೈ ಪಾಲಿಕೆ ಕಾಯ್ದೆಯ 143ನೇ ಕಲಮನ್ನು. ಸಾರ್ವಜನಿಕ ಪೂಜೆಗೆ ಅಥವಾ ಸಾರ್ವಜನಿಕ ಧರ್ಮಾರ್ಥ ಕೆಲಸಕ್ಕೆ ಮಾತ್ರ ಬಳಸುವ ಕಟ್ಟಡ, ಜಮೀನು ಅಥವಾ ಅದರ ಭಾಗಕ್ಕೆ ಅಲ್ಲಿ ವಿನಾಯಿತಿ ಇದೆ. ಅದೂ ಬಿಲ್ಲಿನ ‘ಸಾಮಾನ್ಯ ತೆರಿಗೆ’ (ಜನರಲ್ ಟ್ಯಾಕ್ಸ್) ಎಂಬ ಬಾಬತ್ತಿಗಷ್ಟೇ. ಬಿಲ್ಲಿನಲ್ಲಿರುವ ನೀರು, ಒಳಚರಂಡಿ, ಸೆಸ್ ಬಾಬತ್ತುಗಳು ಇದರ ಜತೆಗೇ ಮಾಫಿಯಾಗುತ್ತವೆ ಎಂದುಕೊಳ್ಳಬೇಡಿ.

ಕಲಮಿನಲ್ಲಿರುವ ‘ಭಾಗ’ವೇ ಸಂಘಗಳ ಕೈಹಿಡಿಯುವುದು. ಇಡೀ ಕಟ್ಟಡಕ್ಕೆ ಅರ್ಜಿ ಹಾಕಿದರೆ ಸಭಾಗೃಹದ ಬಾಡಿಗೆ ರಸೀದಿಯೊಂದೇ ಅರ್ಜಿಯನ್ನು ಬೀಳಿಸೀತು. ಆದ್ದರಿಂದ ಮೊದಲು ಮಂಜೂರಾದ ನಕ್ಷೆ ತೆಗೆದು ಒಂದೊಂದು ಕೋಣೆಯ ಕಾರ್ಪೆಟ್ ಏರಿಯಾ, ಬಳಕೆ ಬರೆಯಿರಿ. ಉದಾಹರಣೆಗೆ ತರಗತಿ ಮತ್ತು ವಾಚನಾಲಯ 2,000 ಚದರಡಿ, ಬಾಡಿಗೆ ಸಭಾಗೃಹ 1,500, ಎರಡಕ್ಕೂ ಸೇರಿದ ಮೆಟ್ಟಿಲು, ಶೌಚಾಲಯ 500 ಎನ್ನಿ. ಈ 500ನ್ನು 4:3ರಂತೆ ಹಂಚಿದರೆ ಧರ್ಮಾರ್ಥ ಭಾಗಕ್ಕೆ ಸುಮಾರು 286 ಸೇರಿ ಒಟ್ಟು 2,286 ಆಗುತ್ತದೆ. ಪಾಲಿಕೆ ಇದನ್ನೇ ಒಪ್ಪಬೇಕೆಂದಿಲ್ಲ. ಆದರೆ ಲೆಕ್ಕ ನೀವಿಟ್ಟರೆ ಚರ್ಚೆ ಅಲ್ಲಿಂದಲೇ ಶುರುವಾಗುತ್ತದೆ.

ತಾರಸಿಯ ಮೊಬೈಲ್ ಟವರ್, ಗೋಡೆಯ ಜಾಹೀರಾತು ಫಲಕ, ಮೂಲೆಯ ಝೆರಾಕ್ಸ್ ಅಂಗಡಿ ಇವನ್ನೂ ಪಟ್ಟಿಯಲ್ಲಿ ತೋರಿಸಿ. ಮುಚ್ಚಿಟ್ಟದ್ದು ಸ್ಥಳ ಪರಿಶೀಲನೆಯಲ್ಲಿ ಸಿಕ್ಕರೆ ಉಳಿದ ಭಾಗದ ಮೇಲೂ ಅನುಮಾನ ಹುಟ್ಟುತ್ತದೆ. ಬಾಡಿಗೆ ಹಣವೆಲ್ಲ ವಿದ್ಯಾರ್ಥಿವೇತನಕ್ಕೇ ಹೋಗುತ್ತದೆ ಎಂಬ ವಾದವೊಂದನ್ನೇ ನೆಚ್ಚಿಕೊಳ್ಳಬೇಡಿ. ರಾತ್ರಿ ತರಗತಿ ನಡೆಯುವ ಕೋಣೆಯನ್ನೇ ಹಗಲು ಕೋಚಿಂಗ್ ಕ್ಲಾಸಿಗೆ ಬಾಡಿಗೆ ಕೊಟ್ಟರೆ ‘ಮಾತ್ರ’ ಎಂಬ ಷರತ್ತು ಅಲ್ಲೇ ಮುರಿಯುತ್ತದೆ.

ಇನ್ನು ಕಾಗದಪತ್ರ. ಟ್ರಸ್ಟ್ ನೋಂದಣಿ ಪ್ರಮಾಣಪತ್ರ, ಉದ್ದೇಶಗಳಿರುವ ನಿಯಮಾವಳಿ, ಮೂರು ವರ್ಷಗಳ ಲೆಕ್ಕಪರಿಶೋಧನೆ ವರದಿ, ತರಗತಿಯ ಹಾಜರಿ ಪುಸ್ತಕ, ಹಳೆಯ ತೆರಿಗೆ ಬಿಲ್ ಜೋಡಿಸಿಕೊಳ್ಳಿ. ವರ್ಳಿಯ ಧರ್ಮದಾಯ ಆಯುಕ್ತರ ಕಚೇರಿಯಿಂದ ಶೆಡ್ಯೂಲ್ 1ರ (ಟ್ರಸ್ಟಿನ ಆಸ್ತಿ, ಟ್ರಸ್ಟಿಗಳ ವಿವರವಿರುವ ನೋಂದಣಿ ದಾಖಲೆ) ಪ್ರತಿಯನ್ನೂ ತನ್ನಿ. ತೊಡಕು ಬರುವುದು ಹೆಚ್ಚಾಗಿ ಇಲ್ಲೇ: ಕಟ್ಟಡ ಕೊಂಡು ವರ್ಷಗಳಾದರೂ ಆಸ್ತಿ ಟ್ರಸ್ಟಿನ ದಾಖಲೆಗೆ ಏರಿರುವುದಿಲ್ಲ. ಬದಲಾವಣೆಯಾದ 90 ದಿನಗಳೊಳಗೆ ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 22ನೇ ಕಲಮಿನಡಿ ಆ ಕಚೇರಿಗೆ ಚೇಂಜ್ ರಿಪೋರ್ಟ್ (ಬದಲಾವಣೆ ವರದಿ) ಕೊಡಬೇಕು; ತಡವಾಗಿದ್ದರೆ ವಿಳಂಬ ಮನ್ನಾ ಅರ್ಜಿಯೊಂದಿಗೆ ಅದನ್ನು ಮೊದಲು ಸರಿಪಡಿಸಿ. ಹೌಸಿಂಗ್ ಸೊಸೈಟಿಯ ಕಟ್ಟಡದಲ್ಲಿ ಜಾಗವಿದ್ದು ಬಿಲ್ ಸೊಸೈಟಿಯ ಹೆಸರಿನಲ್ಲಿದ್ದರೆ, ನಿಮ್ಮ ಭಾಗದ ಖಾತೆ ಬೇರೆ ಮಾಡಿಸುವ ಕೆಲಸವೂ ಇದೆ.

ಅರ್ಜಿಯನ್ನು ನಿಮ್ಮ ವಾರ್ಡ್ ಕಚೇರಿಯ ಅಸೆಸ್‌ಮೆಂಟ್ ವಿಭಾಗಕ್ಕೆ ಕೊಟ್ಟು ನಕಲಿನ ಮೇಲೆ ಆವಕ ಮೊಹರು ಹಾಕಿಸಿಕೊಳ್ಳಿ. ಪರಿಶೀಲನೆಗೆ ಬಂದಾಗ ನಕ್ಷೆಯಲ್ಲಿ ಬರೆದ ಬಳಕೆಯೇ ಕಣ್ಣಿಗೆ ಕಾಣಬೇಕು: ವಾಚನಾಲಯವೆಂದ ಕೋಣೆಯಲ್ಲಿ ಮದುವೆಯ ಕುರ್ಚಿ, ಪಾತ್ರೆ ಪೇರಿಸಿಟ್ಟಿರಬಾರದು. ತೀರ್ಮಾನ ಲಿಖಿತವಾಗಿ ಕೇಳಿ. ತೆರಿಗೆ ಲೆಕ್ಕಕ್ಕೆ ಪಾಲಿಕೆ ಕಟ್ಟುವ ಬಂಡವಾಳ ಮೌಲ್ಯದ (ಕ್ಯಾಪಿಟಲ್ ವ್ಯಾಲ್ಯೂ) ಬಗ್ಗೆ ವಿಶೇಷ ನೋಟಿಸ್ ಬಂದರೆ ಅದರಲ್ಲಿರುವ ಗಡುವಿನೊಳಗೇ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಪಾಲಿಕೆ ಕಾಯ್ದೆಯ 217ನೇ ಕಲಮಿನಡಿ ಸ್ಮಾಲ್ ಕಾಸಸ್ ಕೋರ್ಟಿಗೆ ಮೇಲ್ಮನವಿ ಹೋಗುತ್ತದೆ. ಅದರ ಅವಧಿ ಚಿಕ್ಕದು, ಆದೇಶ ಕೈಸೇರಿದ ವಾರದಲ್ಲೇ ವಕೀಲರನ್ನು ಕಾಣಿರಿ. ಅರ್ಜಿ ಬಾಕಿ ಇದೆಯೆಂದು ಬಿಲ್ ತಡೆಹಿಡಿಯಬೇಡಿ, ತಡವಾದ ಮೊತ್ತಕ್ಕೆ ತಿಂಗಳಿಗೆ ಶೇ 2ರಂತೆ ದಂಡ ಬೆಳೆಯುತ್ತದೆ. ‘ಆಕ್ಷೇಪಣೆಗೆ ಒಳಪಟ್ಟು ಪಾವತಿ’ ಎಂಬ ಪತ್ರದೊಂದಿಗೆ ಕಟ್ಟಿ, ರಸೀದಿಯನ್ನು ಅರ್ಜಿಯ ಫೈಲಿನಲ್ಲೇ ಇಡಿ.