ರೇಟಿಂಗ್ ಏರಿಸಿಯೇ ಕಿಮ್ ಮ್ಯೂರ್‌ಗೆ ನುಗ್ಗಿದೆವು: ನನ್ನ ಅನುಭವ

ಈ ಮಾರ್ಚ್‌ನಲ್ಲಿ ನಮ್ಮ ರೇಸ್ ಕುದುರೆ ಕೆಂಚ ಚೆಲ್ಟೆನ್‌ಹ್ಯಾಮ್ ಫೆಸ್ಟಿವಲ್‌ನಲ್ಲಿ, ಅಂದರೆ ಇಂಗ್ಲೆಂಡಿನಲ್ಲಿ ಬೇಲಿ ಜಿಗಿಯುವ ಕುದುರೆಗಳ ದೊಡ್ಡ ರೇಸ್ ಕೂಟದಲ್ಲಿ, ಓಡಿದ. ಅಲ್ಲಿ ಗುರುವಾರ ನಡೆಯುವ ಕಿಮ್ ಮ್ಯೂರ್ ರೇಸಿನಲ್ಲಿ ನಾಲ್ಕನೆಯವನಾಗಿ ಬಂದ. ರೇಟಿಂಗ್ ಏರಿಸಿ ಅಲ್ಲಿಗೆ ಹೋಗುವುದು ಆಗೋ ಕೆಲಸ ಅಲ್ಲ ಅಂದವರೇ ಈಗ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಇಂಗ್ಲೆಂಡಿನ ಒಂದು ಚಿಕ್ಕ ಯಾರ್ಡಿನಲ್ಲಿ (ಕುದುರೆಗಳನ್ನು ಪಳಗಿಸುವ ಲಾಯದಲ್ಲಿ) ರೇಸುಗಳಿಗೆ ಎಂಟ್ರಿ ಹಾಕುವ ಕೆಲಸ ನನ್ನದು. ಕೆಂಚನಲ್ಲಿ ನನ್ನದೂ ಒಂದು ಪಾಲಿದೆ. ಹೀಗೆ ಕುದುರೆಯಲ್ಲಿ ಪಾಲು ಇಟ್ಟಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಗೋಲ್ಡ್ ಕಪ್, ಚಾಂಪಿಯನ್ ಹರ್ಡಲ್ ತರಹದ ರೇಸುಗಳ ಕಥೆ ಬೇರೆ. ಅವಕ್ಕೆ ಜನವರಿಯಲ್ಲೇ ಎಂಟ್ರಿ. ತಡವಾದರೆ ಸಪ್ಲಿಮೆಂಟರಿ ಅಂತ ಸಾವಿರಗಟ್ಟಲೆ ಪೌಂಡ್ ಸುರಿಯಬೇಕು. ನಮ್ಮಂಥವರಿಗೆ ಉಳಿಯುವುದು ಹ್ಯಾಂಡಿಕ್ಯಾಪ್, ಅಂದರೆ ರೇಟಿಂಗ್ (ಕುದುರೆಯ ಸಾಮರ್ಥ್ಯಕ್ಕೆ ಕೊಡುವ ಅಂಕ) ಹೆಚ್ಚಿದ್ದಷ್ಟೂ ಹೆಚ್ಚು ತೂಕ ಹೊರಿಸುವ ರೇಸು. ಅಲ್ಲಿ ಎಂಟ್ರಿ ಹಾಕುವುದು ಸುಲಭ, ಕೊನೆಗೆ ಓಡುವ ಕುದುರೆಗಳ ಪಟ್ಟಿಯಲ್ಲಿ ಜಾಗ ಸಿಗುವುದೇ ಕಷ್ಟ. ಕಿಮ್ ಮ್ಯೂರ್‌ಗೆ 24 ಕುದುರೆಗಳ ಮಿತಿ. ಎಂಟ್ರಿ ಅದಕ್ಕಿಂತ ಎಷ್ಟೋ ಜಾಸ್ತಿ ಬರುತ್ತದೆ. ರೇಟಿಂಗ್ ಕಡಿಮೆ ಇದ್ದವರು ಮೊದಲು ಹೊರಗೆ.

ಹಿಂದಿನ ವರ್ಷ ನಮಗೆ ಆಗಿದ್ದೂ ಅದೇ. ಕೆಂಚನ ರೇಟಿಂಗ್ 122 ಇತ್ತು. ಹಗುರ ತೂಕದಲ್ಲಿ ಓಡಿ ಎಲ್ಲರನ್ನೂ ಬೆರಗುಗೊಳಿಸುತ್ತಾನೆ ಅನ್ನುವ ಆಸೆ. ಆರು ದಿನ ಮುಂಚಿನ ಕನ್ಫರ್ಮೇಶನ್ ಪಟ್ಟಿ (ಎಂಟ್ರಿ ಉಳಿಸಿಕೊಂಡವರ ಪಟ್ಟಿ) ನೋಡಿದಾಗಲೇ ಗೊತ್ತಾಯಿತು, ನಮಗಿಂತ ರೇಟಿಂಗ್ ಹೆಚ್ಚಿದ್ದ ಕುದುರೆಗಳು ತುಂಬಾ ಇದ್ದವು. ಅಷ್ಟು ಹೊತ್ತಿಗೆ ಖರ್ಚೆಲ್ಲ ಆಗಿ ಹೋಗಿತ್ತು. ದಿನಕ್ಕೆ ಐವತ್ತೈದು ಪೌಂಡ್ ಹತ್ತಿರ ಟ್ರೇನಿಂಗ್ ಫೀ, ಅದರ ಮೇಲೆ ಲಾಳ, ವೆಟ್, ಸಾಗಾಟ. ತಿಂಗಳಿಗೆ ಎರಡು ಸಾವಿರ ದಾಟುತ್ತದೆ. ಇಡೀ ಚಳಿಗಾಲ ಸಾಕಿದ ಕುದುರೆ ಗುರುವಾರ ಮಧ್ಯಾಹ್ನ ಲಾಯದಲ್ಲೇ ನಿಂತಿತ್ತು. ಪಾಲುದಾರರಲ್ಲಿ ಇಬ್ಬರು ಬಿಟ್ಟೇ ಹೋದರು.

ಆಗ ನಾನು ಲೆಕ್ಕ ತಿರುಗಿಸಿದೆ. ಎಲ್ಲರೂ ರೇಟಿಂಗ್ ಕೆಳಗೇ ಇರಲಿ ಅಂತಾರೆ, ನಾವು ಕ್ರಿಸ್‌ಮಸ್ ಒಳಗೆ ಮೇಲೆ ತರೋಣ ಅಂದೆ. ಗುರಿ 130 ದಾಟುವುದು. ಕಿಮ್ ಮ್ಯೂರ್‌ಗೆ ಮೇಲಿನ ಮಿತಿ 145, ಆದ್ದರಿಂದ ಅತಿ ಮೇಲ್ಮಟ್ಟದ ಕುದುರೆಗಳು ಅಲ್ಲಿ ಇರುವುದೇ ಇಲ್ಲ. ನಮ್ಮ ಪಾಲುದಾರರ ಗುಂಪಿನ ಹಿರಿಯರೊಬ್ಬರು, ರೇಟಿಂಗ್ ಕೊಡುವ ಅಧಿಕಾರಿಯನ್ನು ನೆನೆದು, “ಹ್ಯಾಂಡಿಕ್ಯಾಪರ್ ಕೈಗೆ ನಾವೇ ಕೋಲು ಕೊಟ್ಟ ಹಾಗಾಗುತ್ತೆ ಮಾರಾಯ್ರೆ” ಅಂದರು. ಬೆಂಗಳೂರು, ಮೈಸೂರಿನ ಫ್ಲಾಟ್ (ಬೇಲಿ ಇಲ್ಲದ) ರೇಸ್ ನೋಡಿ ಪಳಗಿದವರು ಅವರು. ಬೇಲಿ ಜಿಗಿಯುತ್ತಾ ಮೂರು ಮೈಲಿ ಮೀರಿ ಓಡುವ ಚೇಸಿನಲ್ಲಿ ಕೆಲವು ಪೌಂಡ್ ತೂಕಕ್ಕಿಂತ ಚೆನ್ನಾಗಿ ಜಿಗಿಯುವುದೇ ಮುಖ್ಯ ಅಂತ ನನಗೆ ಖಾತ್ರಿ ಇತ್ತು.

ಅಕ್ಟೋಬರ್‌ನಲ್ಲೇ ಶುರು ಮಾಡಿದೆವು. ಮೊದಲ ರೇಸಿನಲ್ಲಿ ಬಿದ್ದ. ಎರಡನೆಯದರಲ್ಲಿ ನೆಲ ಗಟ್ಟಿಯಾಗಿತ್ತು, ಸವಾರರು ಅವನನ್ನು ಅರ್ಧಕ್ಕೇ ನಿಲ್ಲಿಸಿದರು. ಫೋನ್ ಮೇಲೆ ಫೋನ್. ಆಮೇಲೆ ಎರಡು ಗೆಲುವು ಬಂದವು. ಯಾವ ಟ್ರ್ಯಾಕ್, ಯಾವ ವಾರ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಮುಂದಿನ ವರ್ಷ ನನಗೇ ಬೇಕು. ಇಷ್ಟು ಹೇಳಬಲ್ಲೆ: ದೊಡ್ಡ ರೇಸುಗಳಿರುವ ಶನಿವಾರಗಳನ್ನು ಮುಟ್ಟಲಿಲ್ಲ. ಎರಡನೇ ಗೆಲುವಾದ ಮೇಲೆ ಮಂಗಳವಾರ ಹೊಸ ರೇಟಿಂಗ್ ಬಂತು, 132.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆವು. ಸಮುದ್ರ ದಂಡೆಗೆ ಕರೆದುಕೊಂಡು ಹೋಗಿ ಓಡಿಸಿದೆವು. ಕಾಲಿಗೆ ಒಳ್ಳೆಯದಾಯಿತೋ ಇಲ್ಲವೋ, ತಿನ್ನುವುದು ಮಾತ್ರ ಜಾಸ್ತಿಯಾಯಿತು. ಟಂಗ್ ಟೈ (ನಾಲಿಗೆ ಹಿಡಿದಿಡುವ ಪಟ್ಟಿ) ಕಟ್ಟಿದರೆ ಸಿಡುಕುತ್ತಿದ್ದ, ಬಿಟ್ಟೆವು. ಚೀಕ್‌ಪೀಸ್ (ಕೆನ್ನೆಯ ಪಕ್ಕದ ಉಣ್ಣೆ ಪಟ್ಟಿ) ಮನೆಯಲ್ಲಿ ಒಂದು ಸಲ ಹಾಕಿ ನೋಡಿ ಎತ್ತಿಟ್ಟೆವು, ಫೆಸ್ಟಿವಲ್‌ಗೇ ಮೊದಲು ಹಾಕಿದ್ದು.

ಫೆಬ್ರವರಿಯಲ್ಲಿ ಎಂಟ್ರಿ ಹಾಕಿ, ತೂಕ ಪ್ರಕಟವಾದ ಮೇಲೆ ಕೆಂಚನನ್ನು ಓಡಿಸಲೇ ಇಲ್ಲ. ಆಗ ಗೆದ್ದರೆ ಪೆನಾಲ್ಟಿ, ಅಂದರೆ ಇನ್ನಷ್ಟು ತೂಕ, ಬೀಳುತ್ತದೆ, ಪೆಟ್ಟಾದರೆ ಎಲ್ಲವೂ ಹೋಯಿತು. ಗ್ರ್ಯಾಂಡ್ ನ್ಯಾಷನಲ್ ಅನ್ನುವ ಇನ್ನೊಂದು ದೊಡ್ಡ ಚೇಸಿನಲ್ಲಿ ಆ ಪೆನಾಲ್ಟಿ ಇಲ್ಲ, ನಿಜ. ಅಲ್ಲಿಗೇ ಹಾಕಿ ಅಂದವರೂ ಇದ್ದರು. ಆದರೆ 2024ರಿಂದ ಅಲ್ಲಿ 40ರ ಬದಲು 34 ಕುದುರೆಗಳಷ್ಟೇ. 132 ಇಟ್ಟುಕೊಂಡು ಆ ಪಟ್ಟಿಯಲ್ಲಿ ಕಾಯುವುದು ಸುಮ್ನೆ ದುಡ್ಡು ದಂಡ. ಬದಲಿಗೆ ಫೆಸ್ಟಿವಲ್‌ನದೇ ಇನ್ನೊಂದು ಹ್ಯಾಂಡಿಕ್ಯಾಪ್ ಅಲ್ಟಿಮಾಗೂ, ಅದೇ ವಾರದ ಶನಿವಾರ ಉಟಾಕ್ಸಿಟರ್ ಟ್ರ್ಯಾಕಿನಲ್ಲಿ ನಡೆಯುವ ಮಿಡ್‌ಲ್ಯಾಂಡ್ಸ್ ನ್ಯಾಷನಲ್ ರೇಸಿಗೂ ಹೆಸರು ಹಾಕಿಟ್ಟೆ. ಈ ಎರಡು ಎಂಟ್ರಿಗಳಿಗೆ ಕೆಲವು ನೂರು ಪೌಂಡ್ ಹೆಚ್ಚಾಯಿತು. ಕಿಮ್ ಮ್ಯೂರ್ ಕೈಕೊಟ್ಟರೆ ಸೀಸನ್ ಉಳಿಯಬೇಕಲ್ವಾ?

ಕಿಮ್ ಮ್ಯೂರ್‌ನಲ್ಲಿ ಅಮೆಚೂರ್ (ಹವ್ಯಾಸಿ) ಸವಾರರೇ ಕೂರಬೇಕು. ಒಳ್ಳೆಯವರು ಬೆರಳೆಣಿಕೆ. ತೂಕ ಬರಲಿ, ಆಮೇಲೆ ನೋಡೋಣ ಅಂದವರಿಗೆ ಯಾರೂ ಸಿಗುವುದಿಲ್ಲ. ನಾನು ಡಿಸೆಂಬರ್‌ನಲ್ಲೇ ಒಬ್ಬರನ್ನು ಒಪ್ಪಿಸಿ, ಅವರಿಂದಲೇ ಕೆಂಚನಿಗೆ ಸ್ಕೂಲಿಂಗ್ (ಬೇಲಿ ಜಿಗಿಯುವ ಅಭ್ಯಾಸ) ಮಾಡಿಸಿದೆ. ಅವನ ಫ್ಲೂ ಲಸಿಕೆಯ ತಾರೀಖನ್ನೂ ಕುದುರೆಯ ಪಾಸ್‌ಪೋರ್ಟ್ ತೆಗೆದು ನಾನೇ ನೋಡಿದೆ. 2019ರಲ್ಲಿ ಕುದುರೆಗಳ ಫ್ಲೂನಿಂದ ಬ್ರಿಟನ್ನಿನ ರೇಸ್ ಆರು ದಿನ ನಿಂತಿದ್ದು ನೆನಪಿದೆಯಲ್ಲ, ಅಲ್ಲಿಂದ ನಿಯಮ ಬಿಗಿಯಾಗಿದೆ.

ರೇಸಿನ ವಾರದ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಡಿಕ್ಲರೇಶನ್ (ಓಡುವ ಕುದುರೆಗಳ ಕೊನೆಯ ಘೋಷಣೆ) ಮುಗಿಯಿತು. ಈ ಸಲ ಪಟ್ಟಿಯಲ್ಲಿ ಕೆಂಚನ ಕೆಳಗೂ ಕುದುರೆಗಳಿದ್ದವು. ಅವತ್ತು ನನಗಾದ ಖುಷಿ ಗುರುವಾರದ್ದಕ್ಕಿಂತ ಕಡಿಮೆಯೇನಲ್ಲ. ರೇಸಿನಲ್ಲಿ ಕೊನೆಯ ಏರು ಹತ್ತುವಾಗ ಮೂವರಷ್ಟೇ ಮುಂದಿದ್ದರು.

ಬಹುಮಾನದ ಹಣ ಎರಡು ತಿಂಗಳ ಬಿಲ್ಲಿಗೂ ಸರಿಯಾಗಿ ಸಾಲಲಿಲ್ಲ. ಆದರೆ ಬಿಟ್ಟು ಹೋಗಿದ್ದ ಇಬ್ಬರಲ್ಲಿ ಒಬ್ಬರು ವಾಪಸ್ ಬಂದಿದ್ದಾರೆ, ಹೊಸಬರೂ ಒಬ್ಬರು ಸೇರಿದ್ದಾರೆ. ಮುಂದಿನ ಸೀಸನ್‌ಗೆ 138ರ ಹತ್ತಿರ ಹೋಗಿ, ಅದೇ ರೇಸಿಗೆ ಮತ್ತೆ ಎಂಟ್ರಿ ಹಾಕುತ್ತೇವೆ. ಸವಾರರ ಜೊತೆ ಮಾತು ಈಗಾಗಲೇ ಮುಗಿದಿದೆ.