ಅಮ್ಮಮ್ಮನ ಪವನು ಅಸಲಿಯಾ?

ಕಳೆದ ದೀಪಾವಳಿಗೆ ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಲಕ್ಷ್ಮೀಪೂಜೆ ಮುಗಿದ ಮೇಲೆ ಚಿಕ್ಕಮ್ಮ ಒಂದು ನಾಣ್ಯ ತಂದು ನನ್ನ ಕೈಗಿಟ್ಟಳು. ಅಮ್ಮಮ್ಮನಿಂದ ಅವಳ ಪಾಲಿಗೆ ಬಂದದ್ದು. ಕುದುರೆ ಮೇಲೊಬ್ಬ ವೀರ, ಕುದುರೆಯ ಕಾಲಡಿ ರೆಕ್ಕೆ ಇರುವ ವಿಚಿತ್ರ ಪ್ರಾಣಿ. ಆ ರೆಕ್ಕೆಯ ಸಂದಿಯಲ್ಲಿ ಎಷ್ಟೋ ವರ್ಷದ ಕುಂಕುಮ ಕೂತು ಗಟ್ಟಿಯಾಗಿತ್ತು. ಇಸವಿಯೂ ಅದರಡಿಗೇ ಮುಚ್ಚಿಹೋಗಿತ್ತು.

“ಇದು ಬಂಗಾರ ಹೌದನಾ ನೋಡಾ ತಮಾ” ಅಂದಳು.

ಇಲ್ಲಿ ಪ್ರಶ್ನೆ ಒಂದಲ್ಲ, ಎರಡು. ಲೋಹ ಚಿನ್ನವೇ ಅನ್ನುವುದು ಒಂದು. ಆ ನಾಣ್ಯ ನಿಜಕ್ಕೂ ಟಂಕಸಾಲೆಯಿಂದ ಬಂದದ್ದೇ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಅಲ್ಲ ಎಂಬ ಉತ್ತರವೂ ಬರಬಹುದು. ಇವೆರಡನ್ನು ಕಲಸಿಕೊಂಡವರೇ ಹೆಚ್ಚಾಗಿ ಮೋಸ ಹೋಗುವುದು. ಹಾಂ, “ಅಜ್ಜನ ಕಾಲದ್ದು” ಅನ್ನುವುದು ಪುರಾವೆ ಅಲ್ಲ. ಅಜ್ಜನಿಗೇ ಯಾರೋ ಟೋಪಿ ಹಾಕಿರಬಹುದು!

ಮೊದಲು, ತಿಕ್ಕಬೇಡಿ

ಹುಣಸೆಹಣ್ಣು, ಟೂತ್‌ಪೇಸ್ಟ್, ವಿಭೂತಿ ಯಾವುದೂ ಬೇಡ. ತಿಕ್ಕಿದ ಗೆರೆಗಳು ನಾಣ್ಯದ ಮೇಲೆ ಶಾಶ್ವತ. ನಾಣ್ಯ ಸಂಗ್ರಹಿಸುವವರು ಹೊಳೆಯುವ ಹಳೆ ನಾಣ್ಯಕ್ಕೆ ಕಡಿಮೆ ಬೆಲೆ ಕೊಡುತ್ತಾರೆ. ಕುಂಕುಮ ಇದ್ದರೆ ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಗಂಟೆ ನೆನೆಹಾಕಿ, ಮೆತ್ತಗಿನ ಬಟ್ಟೆಯಿಂದ ಒತ್ತಿ ತೆಗೆಯಿರಿ. ಉಜ್ಜಬೇಡಿ, ಒತ್ತಿ. ಹಲ್ಲಲ್ಲಿ ಕಚ್ಚಿ ನೋಡುವುದೂ ಬೇಡ. ಸೀಸ ಚಿನ್ನಕ್ಕಿಂತ ಮೆತ್ತಗೆ, ಅದರ ಮೇಲೂ ಹಲ್ಲಿನ ಗುರುತು ಬೀಳುತ್ತದೆ.

ಇದು ಯಾವ ನಾಣ್ಯ?

ಕುದುರೆ ಸವಾರ ಇದ್ದರೆ ಅದು ಬ್ರಿಟಿಷ್ ಸಾವರಿನ್, ನಮ್ಮ ಬಾಯಲ್ಲಿ ಪವನು. ತೂಕ 7.98 ಗ್ರಾಂ, 22 ಕ್ಯಾರಟ್, ಅಡ್ಡಳತೆ 22 ಮಿಲಿಮೀಟರಿಗೆ ಕೂದಲೆಳೆ ಜಾಸ್ತಿ. ಅದರ ಮೇಲೆ ಬೆಲೆಯ ಅಂಕಿ ಎಲ್ಲೂ ಇರುವುದಿಲ್ಲ, ಸಾವರಿನ್ ಅನ್ನುವ ಪದವೂ ಇಲ್ಲ. ಅದು ಲೋಪ ಅಲ್ಲ, ಹಾಗೇ ಇರಬೇಕು. ಕುದುರೆಯ ಕಾಲ ಕೆಳಗಿನ ನೆಲದ ಗೆರೆಯನ್ನು ನೋಡಿ. ಅಲ್ಲಿ ಪುಟ್ಟದಾಗಿ ಇಂಗ್ಲಿಷಿನ ‘ಐ’ ಇದ್ದರೆ ಮುಂಬೈ ಟಂಕಸಾಲೆಯದು. ಮುಂಬೈಯಲ್ಲಿ ಪವನು ಹೊಡೆದದ್ದು 1918ರಲ್ಲಿ ಮಾತ್ರ. ‘ಐ’ ಇದ್ದು ಬೇರೆ ಹಳೆ ಇಸವಿ ಇದ್ದರೆ ಅಲ್ಲಿಗೆ ಕತೆ ಮುಗಿಯಿತು. ‘ಎಂ’ ಮೆಲ್ಬರ್ನ್, ‘ಎಸ್’ ಸಿಡ್ನಿ, ‘ಪಿ’ ಪರ್ತ್. ಲಂಡನ್ನಿನದಕ್ಕೆ ಗುರುತೇ ಇಲ್ಲ. ನಮ್ಮ ಜಿಲ್ಲೆ 1862ರಿಂದ ಮುಂಬೈ ಪ್ರಾಂತ್ಯದಲ್ಲೇ ಇತ್ತಲ್ಲ, ಮುಂಬೈ ಪವನು ನಮ್ಮ ಕಡೆ ಸಿಕ್ಕರೆ ಆಶ್ಚರ್ಯ ಇಲ್ಲ.

ರಾಜನಿಗೂ ಇಸವಿಗೂ ಹೊಂದಿಕೆ ಇದೆಯಾ ನೋಡಿ. ವಿಕ್ಟೋರಿಯಾ ತೀರಿಕೊಂಡದ್ದು 1901ರಲ್ಲಿ, ಏಳನೇ ಎಡ್ವರ್ಡ್ 1910ರಲ್ಲಿ. ಆಮೇಲಿನದು ಐದನೇ ಜಾರ್ಜ್.

ಸಣ್ಣಗೆ, ದಪ್ಪಗೆ, ಸುಮಾರು 3.4 ಗ್ರಾಂ ಇದ್ದರೆ ವರಹ ಇರಬಹುದು. ಇಕ್ಕೇರಿಯ ಸದಾಶಿವ ನಾಯಕನ ವರಹದಲ್ಲಿ ಒಂದು ಕಡೆ ಶಿವ-ಪಾರ್ವತಿ, ಇನ್ನೊಂದು ಕಡೆ ನಾಗರಿಯಲ್ಲಿ ಶ್ರೀ ಸದಾಶಿವ. ಒಂದು ಕಡೆ ಶಿವ-ಪಾರ್ವತಿ ಇದ್ದು ಹಿಂದೆ ಪಾರ್ಸಿ ಅಕ್ಷರ ಇದ್ದರೆ ನಕಲಿ ಅಂತ ಎಸೆಯಬೇಡಿ ಮತ್ತೆ! ಇಕ್ಕೇರಿ ರಾಜ್ಯ ಗೆದ್ದ ಹೈದರ್ ಅಲಿ ದೇವರನ್ನು ಹಾಗೇ ಉಳಿಸಿಕೊಂಡು, ಹಿಂಬದಿಗೆ ತನ್ನ ಹೆಸರಿನ ಮೊದಲ ಅಕ್ಷರ ಹಾಕಿಸಿದ.

ಪುತಳಿ ಸರದ ಕಾಸುಗಳದು ಇನ್ನೊಂದು ಕತೆ. ಮೂಲದಲ್ಲಿ ಅವು ವೆನಿಸ್ ನಗರದ ಡ್ಯುಕಾಟ್ ನಾಣ್ಯ, ಸುಮಾರು 3.5 ಗ್ರಾಂ, ಹೆಚ್ಚುಕಡಿಮೆ ಅಪ್ಪಟ ಚಿನ್ನ. ಮೆಣಸಿನ ವ್ಯಾಪಾರದ ಜೊತೆ ಅಂಥ ಹಣ ಪಶ್ಚಿಮ ಕರಾವಳಿಗೆ ಬಂತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಲೇ ಕರೆದದ್ದು ಗೊತ್ತಲ್ಲ. ಆಮೇಲೆ ನಮ್ಮ ಅಕ್ಕಸಾಲಿಗಳೇ ಸರಕ್ಕೆ ಅಂತ ಅದನ್ನು ನೋಡಿ ಬೇಕಷ್ಟು ಮಾಡಿದರು. ಅಕ್ಷರ ಗೊತ್ತಿಲ್ಲದೆ ಕೆತ್ತಿದ್ದರಿಂದ ಅವುಗಳಲ್ಲಿ ಬರಹದ ಜಾಗದಲ್ಲಿ ಬರೀ ಗೀಟುಗಳಿರುತ್ತವೆ. ನಾಣ್ಯ ಅಲ್ಲ, ಆದರೆ ಚಿನ್ನ ಚೆನ್ನಾಗೇ ಇರಬಹುದು.

ರಾಮ ಪಟ್ಟಾಭಿಷೇಕ ಇರುವ ರಾಮಟಂಕೆ ಪೂಜೆಯ ಬಿಲ್ಲೆ, ಚಲಾವಣೆಯ ಹಣವಲ್ಲ. ಒಂದು ಕಡೆ ಆಂಜನೇಯ, ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ಈಸ್ಟ್ ಇಂಡಿಯಾ ಕಂಪನಿ, 1818, ಅರ್ಧ ಆಣೆ ಅಂತ ಇದ್ದರೆ ಸಮಯ ಹಾಳು ಮಾಡಬೇಡಿ. ಅಂಥ ನಾಣ್ಯವನ್ನು ಕಂಪನಿ ಹೊಡೆದೇ ಇಲ್ಲ. 916 ಅಂತ ಮುದ್ರೆ ಇದ್ದರೆ ಅದು ಇತ್ತೀಚೆಗೆ ಅಂಗಡಿಯಲ್ಲಿ ಮಾಡಿದ ಕಾಯಿನ್.

ತೂಕ ಮತ್ತು ನೀರು

ಅಡುಗೆಮನೆಯ ತಕ್ಕಡಿ ಸಾಲದು. 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಅದು ಸರಿ ಇದೆಯಾ ಅಂತ ನೋಡಲು 2011ರ ನಂತರದ ಹಿತ್ತಾಳೆ ಬಣ್ಣದ 5 ರೂಪಾಯಿ ಇಡಿ, 6 ಗ್ರಾಂ ಆಸುಪಾಸು ಬರಬೇಕು.

ಪವನಿಗೆ ಒಂದು ಸುಲಭ ಹೋಲಿಕೆ ಇದೆ. 2011ರ ನಂತರದ 1 ರೂಪಾಯಿ ನಾಣ್ಯವನ್ನು ಪಕ್ಕಕ್ಕಿಡಿ. ಅಗಲ, ದಪ್ಪ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ ರೂಪಾಯಿ 3.79 ಗ್ರಾಂ, ಪವನು ಅದರ ದುಪ್ಪಟ್ಟಿಗಿಂತ ಜಾಸ್ತಿ. ಅಂಗೈಯಲ್ಲಿ ಒಂದೊಂದು ಇಟ್ಟರೆ ತಕ್ಕಡಿಯೇ ಬೇಡ, ಕೈಗೇ ಗೊತ್ತಾಗುತ್ತದೆ. ಗಿಲೀಟು ಮಾಡಿದ ಹಿತ್ತಾಳೆ ಪವನು 4 ಗ್ರಾಂ ಕೂಡ ತೂಗುವುದಿಲ್ಲ. ಅಸಲಿಯಷ್ಟೇ ತೂಕ ಬರಿಸಬೇಕಾದರೆ ದಪ್ಪ ಎರಡು ಪಟ್ಟು ಮಾಡಬೇಕು.

ಸವೆದ ನಾಣ್ಯ ಸ್ವಲ್ಪ ಕಡಿಮೆ ತೂಗುವುದು ಸಹಜ. 7.94 ಗ್ರಾಮಿಗಿಂತ ಕಡಿಮೆಯಾದರೆ ಬ್ರಿಟಿಷರ ಕಾಲದಲ್ಲೇ ಅದನ್ನು ಚಲಾವಣೆಗೆ ಒಪ್ಪುತ್ತಿರಲಿಲ್ಲ. ರಾಜನ ಮೀಸೆ ಹೊಸದರಂತೆ ಸ್ಪಷ್ಟವಾಗಿದ್ದೂ 7.6 ಬಂದರೆ ಅನುಮಾನ ಪಡಿ. ಸರಕ್ಕೆ ಹಾಕಿದ ಕೊಂಡಿಯ ಬೆಸುಗೆ ಉಳಿದಿದ್ದರೆ ತೂಕ ಹೆಚ್ಚೂ ಬರಬಹುದು.

ಈಗ ನೀರು. ಸಣ್ಣ ಲೋಟದಲ್ಲಿ ಮುಕ್ಕಾಲು ನೀರು ತುಂಬಿ ತಕ್ಕಡಿ ಮೇಲಿಟ್ಟು, ಸೊನ್ನೆ ಮಾಡಿ. ನಾಣ್ಯವನ್ನು ತೆಳು ದಾರಕ್ಕೆ ಕಟ್ಟಿ ನೀರಿನೊಳಗೆ ತೂಗುಬಿಡಿ. ತಳಕ್ಕೆ, ಗೋಡೆಗೆ ತಾಗಬಾರದು, ಗುಳ್ಳೆ ಅಂಟಿರಬಾರದು. ಆಗ ತಕ್ಕಡಿ ತೋರಿಸುವುದು ನಾಣ್ಯ ಸರಿಸಿದ ನೀರಿನ ತೂಕ. ನಾಣ್ಯದ ತೂಕವನ್ನು ಅದರಿಂದ ಭಾಗಿಸಿ. ಚಿಕ್ಕಮ್ಮನ ನಾಣ್ಯ 7.96 ಗ್ರಾಂ, ನೀರಲ್ಲಿ 0.45. ಭಾಗಿಸಿದರೆ 17.7. 22 ಕ್ಯಾರಟ್ ಚಿನ್ನಕ್ಕೆ ಬರಬೇಕಾದದ್ದೇ ಅಷ್ಟು. ಬೆಳ್ಳಿಗೆ 10.5, ಸೀಸಕ್ಕೆ 11.3, ಹಿತ್ತಾಳೆಗೆ ಎಂಟೂವರೆ ಆಸುಪಾಸು. ನಾನು ಮೂರು ಸಲ ಮಾಡಿದೆ. ಮೊದಲ ಸಲ ದಾರ ಲೋಟಕ್ಕೆ ತಾಗಿ ಲೆಕ್ಕ ತಪ್ಪಿತ್ತು.

ವರಹಕ್ಕೆ ಈ ಉಪಾಯ ಅಷ್ಟು ನಂಬಿಕೆಯದಲ್ಲ. ಅದು ಸರಿಸುವ ನೀರು 0.19 ಗ್ರಾಂ ಅಷ್ಟೇ, ಕೊನೆಯ ಅಂಕಿ ಒಂದು ಆಚೀಚೆ ಆದರೂ ಉತ್ತರ ಬದಲಾಗುತ್ತದೆ. ಹಿತ್ತಾಳೆಯನ್ನಂತೂ ಹಿಡಿದುಕೊಡುತ್ತದೆ. ಅದಕ್ಕಿಂತ ಸಣ್ಣ, ‘ಹಣ’ ಅನ್ನುವ ಚಿನ್ನದ ನಾಣ್ಯಕ್ಕೆ ಸುಮ್ನೆ ಪ್ರಯತ್ನ ಮಾಡಬೇಡಿ.

ಅಯಸ್ಕಾಂತಕ್ಕೆ ಅಂಟಿದರೆ ಅದು ಚಿನ್ನದ ನಾಣ್ಯ ಅಲ್ಲ. ಅಂಟದಿದ್ದರೆ ಏನೂ ಗೊತ್ತಾದಂತಲ್ಲ. ತಾಮ್ರ, ಹಿತ್ತಾಳೆ, ಬೆಳ್ಳಿ ಯಾವುದೂ ಅಂಟುವುದಿಲ್ಲ.

ಆಮೇಲೆ ಅಂಗಡಿ

ಪರಿಚಯದ ಅಕ್ಕಸಾಲಿಗಳ ಹತ್ತಿರ ಹೋದರೆ ಒರೆಗಲ್ಲಿಗೆ ಹಚ್ಚುತ್ತಾರೆ. ಹಚ್ಚಿದ್ದಷ್ಟು ಗುರುತು ನಾಣ್ಯದ ಮೇಲೆ ಉಳಿಯುತ್ತದೆ. ಅದಕ್ಕಿಂತ ಹಾಲ್‌ಮಾರ್ಕಿಂಗ್ ಸೆಂಟರಿನಲ್ಲಿ ಎಕ್ಸ್-ರೇ ಬಿಟ್ಟು ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಮಷಿನ್ ಒಳ್ಳೆಯದು, ಗೀರು ಬೀಳುವುದಿಲ್ಲ. ಆದರೆ ಅದು ನೋಡುವುದು ಮೇಲ್ಪದರವನ್ನು ಮಾತ್ರ. ದಪ್ಪ ಗಿಲೀಟು ಇದ್ದರೆ ಮಷಿನ್ನೂ ಮೋಸ ಹೋಗಬಹುದು. ನೀರಿನ ಲೆಕ್ಕ, ಮಷಿನ್ನಿನ ಚೀಟಿ ಎರಡೂ ಹೊಂದಿದರೆ ಲೋಹದ ಪ್ರಶ್ನೆ ಮುಗಿಯಿತು. ಎಲ್ಲಿಗೆ ಕೊಂಡೊಯ್ಯುವುದಾದರೂ ಎರಡೂ ಕಡೆ ಫೋಟೋ ತೆಗೆದು, ತೂಕ ಬರೆದಿಟ್ಟುಕೊಂಡು, ಕಣ್ಣೆದುರೇ ಪರೀಕ್ಷೆ ಮಾಡಿಸಿ. ಕರಗಿಸಿ ನೋಡುವ ಅಂದರೆ ಎದ್ದು ಬನ್ನಿ.

ಟಂಕಸಾಲೆಯದೇ ಅನ್ನುವ ಎರಡನೇ ಪ್ರಶ್ನೆಗೆ ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಬೇಕು. ಅಸಲಿಯಲ್ಲಿ ಅಕ್ಷರದ ಅಂಚು ಚೂಪಾಗಿ ಎದ್ದಿರುತ್ತದೆ, ಖಾಲಿ ಜಾಗ ನುಣುಪಾಗಿರುತ್ತದೆ. ಅಚ್ಚು ತೆಗೆದು ಮಾಡಿದ್ದರಲ್ಲಿ ಅಕ್ಷರ ಬೆಲ್ಲದ ಅಚ್ಚಿನಂತೆ ಮೊಂಡು, ಖಾಲಿ ಜಾಗದಲ್ಲಿ ಬೆವರುಸಾಲೆಯಂಥ ಗುಳ್ಳೆ. ಸವೆತವಾದರೆ ಎತ್ತರದ ಜಾಗ ಮೊದಲು ಸವೆಯುತ್ತದೆ, ತಗ್ಗಿನಲ್ಲಿ ಗುಳ್ಳೆ ಏಳುವುದಿಲ್ಲ. ಅಸಲಿ ನಾಣ್ಯ ನೋಡಿ ಕಣ್ಣು ಪಳಗಿಸಿಕೊಳ್ಳಬೇಕು ಅಂದರೆ ಉಡುಪಿಗೆ ಹೋದಾಗ ಹಿಂದಿನ ಕಾರ್ಪೊರೇಷನ್ ಬ್ಯಾಂಕಿನ (2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು) ಸ್ಥಾಪಕರ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯಕ್ಕೆ ಹೋಗಿ ಬನ್ನಿ.

ಕಾನೂನಿನ ಎರಡು ಮಾತು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು. ಅಮೆರಿಕದ ಮಗನ ಚೀಲದಲ್ಲಿ ಕಳಿಸುವಂತಿಲ್ಲ. ತೋಟ ಅಗೆಯುವಾಗ ಸಿಕ್ಕಿದ್ದಾದರೆ ಅದು ನಿಧಿ, ಜಿಲ್ಲಾಧಿಕಾರಿಗೆ ತಿಳಿಸಬೇಕು.

ಚಿಕ್ಕಮ್ಮನ ನಾಣ್ಯದ ಕುಂಕುಮ ಬಿಟ್ಟ ಮೇಲೆ 1913 ಕಂಡಿತು. ಮಷಿನ್ 22 ಕ್ಯಾರಟ್ ಅಂತು. ಲೆನ್ಸಿನಲ್ಲಿ ನೋಡಿದರೆ ರಾಜನ ಕತ್ತಿನ ಹಿಂದೆ ಮೂರು ಗುಳ್ಳೆ, ಅಕ್ಷರಗಳೆಲ್ಲ ಮೊಂಡು. ಟಂಕಸಾಲೆಯದಲ್ಲ.

“ಅಷ್ಟು ಬಂಗಾರ ಹಾಕಿ ಕಳ್ಳ ನಾಣ್ಯ ಮಾಡ್ತ್ವನಾ?” ಅಂತ ಅವಳಿಗೆ ನಂಬಿಕೆಯೇ ಬರಲಿಲ್ಲ. ಮಾಡುತ್ತಿದ್ದರು. ಎರಡನೇ ಮಹಾಯುದ್ಧದ ನಂತರ ಎಷ್ಟೋ ಪೇಟೆಗಳಲ್ಲಿ ಪವನಿಗೆ ಅದರೊಳಗಿನ ಚಿನ್ನಕ್ಕಿಂತ ಹೆಚ್ಚು ಬೆಲೆ ಸಿಗುತ್ತಿತ್ತು. ಲೆಬನಾನಿನ ಬೈರೂತಿನಂಥ ಊರಲ್ಲಿ ಸರಿಯಾದ ಚಿನ್ನ ಹಾಕಿಯೇ ನಕಲಿ ಹೊಡೆದು, ಆ ವ್ಯತ್ಯಾಸದಲ್ಲಿ ಲಾಭ ಮಾಡಿದರು. ಇದು ಎಲ್ಲಿಂದ ಬಂತೋ, ಅಮ್ಮಮ್ಮನಿಗೆ ಗೊತ್ತಿದ್ದಿರಲಿಕ್ಕಿಲ್ಲ.

ಚಿಕ್ಕಮ್ಮ ಕೇಳಿದ್ದು ಇನ್ನೊಂದೇ. “ತೂಕಕ್ಕೆ ರೇಟು ಸಿಗ್ತಲ್ದಾ?”

ಸಿಗುತ್ತದೆ.